ಹಳಿ ಮುಗಿದ ಮೇಲಿನ ಹೆಜ್ಜೆಗಳು

ಎಂಜಿನ್ನಿಗೂ ಮೊದಲ ಬೋಗಿಗೂ ನಡುವೆ ಬಗ್ಗಿ ಕೊಂಡಿ ಬಿಚ್ಚುವುದು ಪಾಯಿಂಟಮ್ಮನ ಕೆಲಸ. ಬಿಚ್ಚಿದ ಮೇಲೆ ಎಂಜಿನ್ನಿನ ಪಕ್ಕೆಗೆ ಅಂಗೈಯಿಂದ ಎರಡು ಸಲ ತಟ್ಟುವಳು, ಹಾಲು ಕರೆದು ಮುಗಿಸಿದವರು ಹಸುವಿನ ಬೆನ್ನು ತಟ್ಟುವ ಹಾಗೆ. ಡ್ರೈವರು ಅದಕ್ಕಾಗಿಯೇ ಕಾಯುತ್ತಿದ್ದ. ಎಂಜಿನ್ ಒಂಟಿಯಾಗಿ ಮುಂದೆ ಸರಿದು, ಪ್ಲಾಟ್‌ಫಾರಂ ದಾಟಿ, ಹಳಿಯ ಕಟ್ಟಕಡೆಗೆ ಅಡ್ಡ ನಿಲ್ಲಿಸಿದ್ದ ಕೆಂಪು ಬಫರಿಗೆ ಇನ್ನೇನು ಮೂಗು ತಾಗಿತು ಎನ್ನುವಷ್ಟು ಹತ್ತಿರ ಹೋಗಿ ನಿಲ್ಲುತ್ತಿತ್ತು. ಆಗ ಅವಳು ಸನ್ನೆಕೋಲು ಎಳೆದು ಪಾಯಿಂಟು, ಅಂದರೆ ಹಳಿ, ಬದಲಿಸುವಳು; ಅದರಿಂದಲೇ ಅವಳಿಗೆ ಆ ಹೆಸರು. ಎಂಜಿನ್ ಪಕ್ಕದ ಹಳಿಗೆ ಹಿಂದಕ್ಕೆ ಬಂದು, ಇಡೀ ಗಾಡಿಯನ್ನು ಹಾದು, ಆ ಕಡೆಯ ತುದಿಗೆ ಸೇರಿಕೊಳ್ಳುವುದು. ಜಂಕ್ಷನ್ನಿನಿಂದ ಕವಲೊಡೆದು ಬಂದ ಒಂಟಿ ದಾರಿ ಅಲ್ಲಿಗೆ ಮುಗಿಯುತ್ತಿದ್ದುದರಿಂದ ಎಂಜಿನ್ನು ಮುಂದಿಟ್ಟುಕೊಂಡು ಗಾಡಿ ಹಿಂತಿರುಗಲು ಬೇರೆ ಉಪಾಯವಿರಲಿಲ್ಲ. ಬಫರಿನಾಚೆ ಒಂದಿಷ್ಟು ಹುಲ್ಲುನೆಲ, ಹುಲ್ಲು ಮುಗಿದಲ್ಲಿ ಕಡಿದಾದ ಅಂಚು, ಅದರ ಕೆಳಗೆ ಕಡಲು.

ಬೆಳಿಗ್ಗೆ ಹತ್ತಕ್ಕೊಂದು, ಸಂಜೆ ಐದೂ ಕಾಲಿಗೊಂದು ಗಾಡಿ. ಹನ್ನೊಂದು ವರ್ಷದಿಂದ ದಿನಕ್ಕೆ ಎರಡು ಸಲ ಬಗ್ಗಿ ಏಳುವುದು ಅವಳ ಮೈಗೆ ಉಸಿರಾಟದಷ್ಟೇ ರೂಢಿಯಾಗಿತ್ತು.

ಕೆಲಸ ಮೊದಲು ಅವಳ ಗಂಡನದು. ಆಳು ಎಷ್ಟು ಎತ್ತರವೆಂದರೆ ಕ್ವಾರ್ಟರ್ಸಿನ ಬಾಗಿಲಲ್ಲಿ ದಿನಕ್ಕೊಮ್ಮೆಯಾದರೂ ಹಣೆ ಬಡಿದುಕೊಳ್ಳುತ್ತಿದ್ದ. ಕಾಲೇ ಮುಕ್ಕಾಲು ಪಾಲು ಎಂದು ಹೇಳಿ ಸ್ಟೇಷನ್ನಿನವರೆಲ್ಲ ಅವನನ್ನು ಕೊಕ್ಕರೆ ಎನ್ನುತ್ತಿದ್ದರು. ಅವಳೋ ಅವನ ಎದೆಗೂ ಬರುತ್ತಿರಲಿಲ್ಲ. ಮದುವೆಯ ದಿನದ ಫೋಟೋ ತೆಗೆಯುವಾಗ ಅವಳನ್ನು ಮಣೆಯ ಮೇಲೆ ನಿಲ್ಲಿಸಿದ್ದರಂತೆ. ಒಂದು ಮಳೆಗಾಲದಲ್ಲಿ ಜ್ವರ ಬಂತು, ಒಂಬತ್ತನೆಯ ದಿನಕ್ಕೆ ಮನುಷ್ಯ ಇರಲಿಲ್ಲ. ಮಕ್ಕಳಿಲ್ಲದ ಹೆಂಡತಿಗೆ ಅವನ ಕೆಲಸ, ಎರಡು ಕೋಣೆಯ ಕ್ವಾರ್ಟರ್ಸು, ಸೀಟಿ, ಬಾವುಟಗಳು, ಮತ್ತೆ ಒಂದು ನೀಲಿ ರಟ್ಟಿನ ಪುಸ್ತಕ ಬಂದವು.

ಆ ಪುಸ್ತಕ ಆ ಸ್ಟೇಷನ್ನಿನದೇ ಒಂದು ಪದ್ಧತಿ. ಬೇರೆಲ್ಲೂ ಅಂಥದ್ದು ಇರಲಿಲ್ಲ. ಹಿಂದೆ ಯಾವಾಗಲೋ ಬಂದ ಒಬ್ಬ ಎಂಜಿನಿಯರು ಕೊಕ್ಕರೆಯನ್ನು ಜೊತೆಗೆ ಕರೆದುಕೊಂಡು ಬಫರಿನಿಂದ ಹುಲ್ಲಿನ ಅಂಚಿನವರೆಗೆ ನಡೆಸಿ, ಪುಸ್ತಕದ ಮೊದಲ ಪುಟದಲ್ಲಿ ಹೀಗೆ ಬರೆದಿಟ್ಟಿದ್ದ: "ಪ್ರತಿ ಸೋಮವಾರ ಹೆಜ್ಜೆ ಎಣಿಸಿ ಬರೆಯತಕ್ಕದ್ದು. ಇಲ್ಲಿ ಕಡಲು ಕೆಳಗಿನಿಂದ ತಿನ್ನುತ್ತದೆ. ಮೇಲೆ ಕಾಣುವ ಅಂಚಿಗಿಂತ ಒಳಗೆ ಬಹಳ ಮುಂದೆ ಬಂದಿರುತ್ತದೆ. ನಲವತ್ತು ಹೆಜ್ಜೆಗಿಂತ ಕಡಿಮೆಯಾದ ದಿನ ಎಂಜಿನ್ನನ್ನು ತುದಿಗೆ ಬಿಡಕೂಡದು." ಕೆಳಗೆ ಸಹಿ. ಅಷ್ಟೇ.

ಗಂಡ ಬರೆದ ಕೊನೆಯ ಸಂಖ್ಯೆ ಐವತ್ತೆಂಟು. ಅವನು ಹೋಗಿ ಮೂರು ವಾರಕ್ಕೆ ಪಾಯಿಂಟಮ್ಮ ಮೊದಲ ಸಲ ನಡೆದಳು. ಎಂಬತ್ತೊಂದು ಬಂತು. ಗಾಬರಿಯಾಗಿ ಮತ್ತೊಮ್ಮೆ ನಡೆದಳು. ಎಂಬತ್ತೊಂದೇ. ಪುಸ್ತಕ ಹಿಡಿದು ಮಾಸ್ತರ ಕೋಣೆಗೆ ಹೋದಳು. ಸ್ಟೇಷನ್ ಮಾಸ್ತರು ಆ ವರ್ಷವಷ್ಟೇ ಅಲ್ಲಿಗೆ ಬಂದಿದ್ದರು. ಸಂಕಟದಲ್ಲಿದ್ದವಳಿಗೆ ಒಂದು ಒಳ್ಳೆಯ ಮಾತು ಆಡಬೇಕೆಂದು ಅವರಿಗೂ ಅನ್ನಿಸಿರಬೇಕು.

"ಕಡಲು ಹಿಂದಕ್ಕೆ ಸರಿದಿದೆಯಮ್ಮ. ನಿಮ್ಮ ಕಾಲ್ಗುಣ," ಎಂದರು.

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಗಂಡ ಸತ್ತ ಮನೆಯಲ್ಲಿ ಅವಳ ಕಾಲ್ಗುಣದ ಬಗ್ಗೆ ಒಳ್ಳೆಯ ಮಾತು ಆಡಿದವರು ಅವರೊಬ್ಬರೇ. ಅಂದಿನಿಂದ ಸೋಮವಾರ ತಪ್ಪಿಸಲಿಲ್ಲ. ಆ ಎಂಬತ್ತೊಂದು, ವರ್ಷವರ್ಷಕ್ಕೂ ಎರಡೆರಡು, ಮೂರುಮೂರು ಇಳಿಯಿತು. ಇಳಿಯಲಿ, ನಲವತ್ತು ಎಲ್ಲಿ, ತನ್ನ ಎಣಿಕೆ ಎಲ್ಲಿ. ಈಚೆಗೆ ಮೊಣಕಾಲು ಹಿಡಿದುಕೊಂಡು, ಏಳುವಾಗ ಒಮ್ಮೆ "ಅಯ್ಯಮ್ಮಾ" ಎನ್ನದೆ ಆಗುತ್ತಿರಲಿಲ್ಲ. ಆದರೂ ಸಂಖ್ಯೆ ಮಾತ್ರ ಎರಡು ವರ್ಷದಿಂದ ಅಲುಗಿರಲಿಲ್ಲ. ಅರವತ್ತೊಂದು, ಅರವತ್ತೊಂದು, ಅರವತ್ತೊಂದು. ಪುಟಗಳನ್ನು ತಿರುವಿದರೆ ಒಂದೇ ಅಂಕಿ ಸಾಲಾಗಿ ನಿಂತಿರುತ್ತಿತ್ತು.

ಕಳೆದೊಂದು ತಿಂಗಳಿಂದ ಮಾತ್ರ ಏನೋ ಸರಿಯಿರಲಿಲ್ಲ.

ಮೊದಲು ಅವಳ ಗಮನಕ್ಕೆ ಬಂದದ್ದು ನೀರು. ಪ್ಲಾಟ್‌ಫಾರಂ ತೊಳೆದ ಬಕೆಟ್ಟಿನ ನೀರನ್ನು ಅವಳು ಬಫರಿನ ಪಕ್ಕ ಚೆಲ್ಲುತ್ತಿದ್ದಳು. ಅಲ್ಲಿ ಅದು ಕೆಸರಾಗಿ ಮಧ್ಯಾಹ್ನದವರೆಗೆ ನಿಲ್ಲುತ್ತಿತ್ತು. ಒಂದು ದಿನ ಚೆಲ್ಲಿದ ನೀರು ನಿಲ್ಲಲೇ ಇಲ್ಲ. ಗುಳಕ್ ಎಂದು ಒಂದೇ ಗುಟುಕಿಗೆ ಯಾರೋ ಕುಡಿದಂತೆ ನೆಲದೊಳಗೆ ಇಳಿದುಹೋಯಿತು. ಇಲಿಬಿಲ ಇರಬೇಕೆಂದು ಒಲೆಯ ಬೂದಿ ತಂದು ತುಂಬಿದಳು. ಮರುದಿನ ಬೂದಿಯೂ ಇರಲಿಲ್ಲ.

ಆಮೇಲೆ ಏಡಿಗಳು. ದಂಡೆಯಲ್ಲಿರಬೇಕಾದವು ಹಳಿಯಡಿಯ ದಿಮ್ಮಿ ಸ್ಲೀಪರುಗಳ ನಡುವಿನ ಜಲ್ಲಿಕಲ್ಲಿನ ಸಂದಿಯಿಂದ ಒಂದೊಂದಾಗಿ ಮೇಲೆ ಬಂದು, ಬಿಸಿಲಿಗೆ ಕಣ್ಣು ಚಾಚಿ, ಮತ್ತೆ ಒಳಗೆ ಇಳಿಯುತ್ತಿದ್ದವು. ಡ್ರೈವರು ನಕ್ಕಿದ್ದ. "ಟಿಕೆಟ್ ಕೇಳಿ ಪಾಯಿಂಟಮ್ಮ, ದಿನಾ ಪುಕ್ಕಟೆ ಬರ್ತಾವೆ."

ಅವಳೂ ನಕ್ಕಳು. ಆದರೆ ಎಂಜಿನ್ ತುದಿಗೆ ಹೋಗಿ ನಿಂತಾಗ ಬರುವ ಸದ್ದು ಅವಳಿಗೆ ಹಿಡಿಸುತ್ತಿರಲಿಲ್ಲ. ಮೊದಲೆಲ್ಲ ಭಾರದ ಗಾಡಿ ಮಣ್ಣಿನ ಮೇಲೆ ನಿಂತ ಸದ್ದು. ಈಗ ಬೋರಲು ಹಾಕಿದ ಹಂಡೆಯ ಮೇಲೆ ಬೆರಳು ಬಡಿದಂತೆ. ಮಾಸ್ತರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಪುಸ್ತಕದಲ್ಲಿ ಎಷ್ಟಿದೆ?"

"ಅರವತ್ತೊಂದು ಸಾರ್."

"ಮತ್ತೆ? ಸದ್ದಿಗೆಲ್ಲ ಹೆದರಿದ್ರೆ ಆಗುತ್ತಾ? ಈ ಲೈನ್ ಮುಚ್ಚೋದಕ್ಕೆ ಮೇಲಿನವರು ಒಂದು ನೆಪ ಹುಡುಕ್ತಾ ಕೂತಿದ್ದಾರೆ. ನೀವೇ ಕೈಗೆ ಕೊಡ್ತೀರಾ?"

ಅವರು ಹೇಳಿದ್ದು ಸುಳ್ಳಲ್ಲ. ಲೈನು ಮುಚ್ಚಿದರೆ ಕ್ವಾರ್ಟರ್ಸು ಹೋಗುತ್ತದೆ, ಕೆಲಸ ಹೋಗುತ್ತದೆ. ಬಾಗಿಲಿನ ಮೇಲುಪಟ್ಟಿಯಲ್ಲಿ ಗಂಡನ ಹಣೆ ತಾಗಿ ನುಣುಪಾದ ಜಾಗವಿತ್ತು. ಗುಡಿಸುವಾಗ ಸ್ಟೂಲು ಹತ್ತಿ ಅದನ್ನೊಮ್ಮೆ ಒರೆಸುತ್ತಿದ್ದಳು. ಅದೂ ಹೋಗುತ್ತದೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ.

ಆ ಸೋಮವಾರ ಬೆಳಗಿನ ಗಾಡಿಗೆ ನಾದಿನಿ ಬಂದಿಳಿದಳು. ಕೊಕ್ಕರೆಯ ಒಬ್ಬಳೇ ತಂಗಿ. ಅಣ್ಣನ ಎತ್ತರ, ಅಣ್ಣನ ಕಾಲು, ಅಣ್ಣನದೇ ದೊಡ್ಡ ಬಾಯಿ. ಇನ್ನೊಂದು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅಳತೆ ಟೇಪು ಅವಳ ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವಳು, ಬಂದ ತಕ್ಷಣ ಅತ್ತಿಗೆಯ ರವಿಕೆಗಳನ್ನೆಲ್ಲ ಮಂಚದ ಮೇಲೆ ಹರವಿ ಬೈಯಲು ಶುರುಮಾಡುವಳು.

"ಇದೇನು ರವಿಕೆಯೋ ಗೋಣಿಚೀಲವೋ? ಯಾವನು ಹೊಲಿದ ಇದನ್ನ?"

"ನೀನೇ ಕಣೇ. ಹೋದ ಸಲ ಬಂದಾಗ."

"ಹಾಗಾದ್ರೆ ನೀನು ಬತ್ತಿಹೋಗಿದೀಯ. ನನ್ನ ಹೊಲಿಗೆ ಸರಿಯಾಗೇ ಇದೆ."

ಮಾತಿನಲ್ಲಿ, ಊಟದಲ್ಲಿ, ರವಿಕೆಯ ಹೊಲಿಗೆ ಬಿಚ್ಚುವುದರಲ್ಲಿ ಹೊತ್ತು ಹೋಯಿತು. ನಾಲ್ಕು ಗಂಟೆಯಾದಾಗ ಪಾಯಿಂಟಮ್ಮನಿಗೆ ಸೋಮವಾರದ ನೆನಪಾಗಿ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಇನ್ನೂ ಎಣಿಸ್ತೀಯಾ ಅತ್ತಿಗೆ ಆ ಹೆಜ್ಜೆ? ನಡಿ, ನಾನೂ ಬರ್ತೀನಿ. ಸಣ್ಣವಳಿದ್ದಾಗ ಅಣ್ಣ ಎಣಿಸ್ತಾ ಹೋಗೋನು, ನಾನು ಹಿಂದೆ ಅವನ ಹೆಜ್ಜೆ ಮೇಲೇ ಹೆಜ್ಜೆ ಇಡೋದಕ್ಕೆ ಹೋಗಿ ಬೀಳ್ತಿದ್ದೆ."

"ಈಗ್ಲೂ ಬಿದ್ದೀಯ. ನಿಧಾನ ಬಾ."

ಆಕಾಶ ತಿಳಿಯಾಗಿತ್ತು. ಗಾಳಿಯೂ ಇರಲಿಲ್ಲ. ಕಡಲು ಎಣ್ಣೆ ಸುರಿದಂತೆ ನಯವಾಗಿ ಬಿದ್ದುಕೊಂಡಿತ್ತು. ಆದರೂ ಎಲ್ಲಿಂದಲೋ ನೀರು ಬಡಿಯುವ ಸದ್ದು ಬರುತ್ತಿತ್ತು, ಎದುರಿನಿಂದಲ್ಲ, ಕಾಲಬುಡದಿಂದ. ಇಬ್ಬರೂ ಬಫರಿಗೆ ಬೆನ್ನು ಕೊಟ್ಟು ಒಟ್ಟಿಗೆ ಹೊರಟರು. ನಾದಿನಿ ಜೋರಾಗಿ ಎಣಿಸುತ್ತ ದಾಪುಗಾಲು ಹಾಕಿದಳು. ಪಾಯಿಂಟಮ್ಮ ಮನಸ್ಸಿನಲ್ಲೇ ಎಣಿಸುತ್ತ, ಮೊಣಕಾಲಿಗೆ ಕೈ ಕೊಟ್ಟು, ಅಷ್ಟಷ್ಟೇ ಎತ್ತಿ ಇಡುತ್ತ ನಡೆದಳು. ಅರ್ಧ ದಾಟಿದ್ದಳೋ ಏನೋ, ಮುಂದಿನಿಂದ ಕೂಗು ಬಂತು.

"ಮೂವತ್ತನಾಲ್ಕು!"

ಪಾಯಿಂಟಮ್ಮ ಎಣಿಕೆ ತಪ್ಪಿಸಿಕೊಳ್ಳದೆ ಅಂಚಿನವರೆಗೂ ಹೋದಳು. "ಅರವತ್ತೊಂದು. ನೀನು ಮಧ್ಯ ಎಲ್ಲೋ ಒಂದು ಇಪ್ಪತ್ತು ನುಂಗಿದೀಯ."

"ಊರ ಹೆಂಗಸರ ಮೈ ಅಳತೆಯಲ್ಲಿ ಹೊಟ್ಟೆ ಹೊರೆಯೋಳು ನಾನು. ಎಣಿಕೆ ತಪ್ಪಿದ್ರೆ ಅವರು ನನ್ನ ಬಿಡ್ತಿದ್ರಾ?" ಎಂದು ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದಳು. ಅತ್ತಿಗೆಯ ಕಾಲನ್ನೇ ನೋಡಿದಳು. "ಅತ್ತಿಗೆ, ಒಂದು ಹೆಜ್ಜೆ ಇಡು."

"ಯಾಕೆ?"

"ಇಡು ಅಂದ್ರೆ ಇಡು."

ನಾದಿನಿ ಹುಲ್ಲಿನ ಮೇಲೆ ಮಂಡಿಯೂರಿ, ಕೊರಳ ಟೇಪು ತೆಗೆದು, ಹಿಂದಿನ ಹಿಮ್ಮಡಿಯಿಂದ ಮುಂದಿನ ಹಿಮ್ಮಡಿಗೆ ಹಿಡಿದಳು. ಇಪ್ಪತ್ತು ಇಂಚು. ತನ್ನದನ್ನು ಹಿಡಿದಳು. ಮೂವತ್ತೈದು.

"ಪುಸ್ತಕದಲ್ಲಿ ನಲವತ್ತು ಅಂತ ಇದೆಯಲ್ಲ, ಅದು ಯಾರ ಹೆಜ್ಜೆ?"

ಮೊದಲ ಪುಟದ ಆ ಸಾಲನ್ನು ಪಾಯಿಂಟಮ್ಮ ಎಷ್ಟು ಸಲ ಓದಿರಲಿಕ್ಕಿಲ್ಲ. ಯಾರ ಹೆಜ್ಜೆ ಎಂದು ಎಂಜಿನಿಯರು ಬರೆದಿರಲಿಲ್ಲ. ಬರೆಯುವ ಅಗತ್ಯ ಅವನಿಗೆ ಕಂಡಿರಲೂ ಇಲ್ಲ. ಅಂದು ಅವನೆದುರಿಗೆ ಕೊಕ್ಕರೆ ನಿಂತಿದ್ದ.

"ನಿಮ್ಮಣ್ಣನದು," ಎಂದಳು.

"ಅವನ ಹೆಜ್ಜೆ ನನ್ನದಕ್ಕಿಂತ ಇನ್ನೂ ಒಂದು ಗೇಣು ಉದ್ದ. ಅವನು ನಡೆದಿದ್ರೆ ಮೂವತ್ತೂ ಬರ್ತಿರಲಿಲ್ಲ ಅತ್ತಿಗೆ. ಒಬ್ಬರ ಅಳತೆ ಇಟ್ಕೊಂಡು ಇನ್ನೊಬ್ಬರಿಗೆ ಹೊಲಿದ ಹಾಗಾಯ್ತಲ್ಲ ಇದು!"

ಹನ್ನೊಂದು ವರ್ಷ. ಕಡಲು ಹಿಂದೆ ಸರಿದೇ ಇರಲಿಲ್ಲ. ಅವಳು ಗಿಡ್ಡವಳು, ಅಷ್ಟೇ. ಆಮೇಲೆ ಕಡಲು ಮುಂದೆ ಬಂದಂತೆಲ್ಲ ಅವಳ ಕಾಲು ಸೋತು ಹೆಜ್ಜೆ ಕಿರಿದಾಗುತ್ತ ಬಂದಿತ್ತು, ಎರಡೂ ಸರಿಸಮವಾಗಿ, ಮಾತಾಡಿಕೊಂಡಂತೆ. ಆ ಸದ್ದು ಮತ್ತೆ ಕೇಳಿಸಿತು. ಅವರು ನಿಂತ ಹುಲ್ಲಿನ ಕೆಳಗೆ ಏನೋ ಒಮ್ಮೆ ಉಸಿರು ಎಳೆದು ಬಿಟ್ಟಂತೆ. ನಾದಿನಿ ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು.

ಮಾಸ್ತರ ಕೋಣೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಪಾಯಿಂಟಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟು, ನಿಂತೇ ಎಲ್ಲ ಹೇಳಿದಳು. ಅವರು ಕೇಳಿದರು. ಮುಖ ಕೆಂಪಾಯಿತು, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು.

"ಗಾಡಿ ಹಿಂದಿನ ಸ್ಟೇಷನ್ ಬಿಟ್ಟಾಗಿದೆ," ಎಂದರು.

"ಬರಲಿ ಸಾರ್. ಎಂಜಿನ್ ತುದಿಗೆ ಮಾತ್ರ ಬೇಡ."

"ಎಂಜಿನ್ ತಿರುಗದೆ ಗಾಡಿ ವಾಪಸ್ ಹೋಗೋದು ಹೇಗೆ? ಫೋನ್ ಮಾಡಿ ಏನಂತ ಹೇಳಲಿ? ಹನ್ನೊಂದು ವರ್ಷ ನಮ್ಮ ಪಾಯಿಂಟಮ್ಮ ತಪ್ಪು ಕಾಲಲ್ಲಿ ಎಣಿಸಿದ್ರು ಅಂತಲೇ? ಕೆಳಗೆ ನನ್ನ ಸಹಿ ಇದೆ, ಪಾಯಿಂಟಮ್ಮ. ಪ್ರತಿ ಪುಟದಲ್ಲೂ ಇದೆ." ಅವರ ದನಿ ತಗ್ಗಿತು. "ಬೆಳಿಗ್ಗೆ ಹೋಗಿ ನಿಂತಿತ್ತಲ್ಲ, ಏನಾಯ್ತು? ಏನೂ ಆಗಲಿಲ್ಲ. ಇದೊಂದು ಸಲ ಆಗಿಹೋಗಲಿ. ನಾಳೆ ನಾವೇ ಟೇಪು ಹಿಡಿದು ಅಳೆಯೋಣ, ನಾನೇ ಬರೀತೀನಿ."

ಕೆಟ್ಟ ಮನುಷ್ಯರಲ್ಲ ಅವರು. ಅವಳ ಮೊಣಕಾಲಿಗೆ ಎಣ್ಣೆ ತರಿಸಿಕೊಟ್ಟವರು. ನಿವೃತ್ತಿಗೆ ಎಂಟು ತಿಂಗಳಿತ್ತು. ಅವರ ಮಾತು ಅವಳಿಗೂ ಬೇಕಾದ ಮಾತೇ ಆಗಿತ್ತು. ಇದೊಂದು ಸಲ. ಎಂಜಿನ್ ಹೋಗುತ್ತದೆ, ನಿಲ್ಲುತ್ತದೆ, ಬರುತ್ತದೆ. ಎರಡು ನಿಮಿಷವೂ ಇಲ್ಲ. ಆಮೇಲೆ ಟೇಪು, ಕಾಗದ, ಅರ್ಜಿ, ಎಲ್ಲ ಮರ್ಯಾದೆಯಾಗಿ. ಸ್ಟೇಷನ್ನೂ ಉಳಿದರೂ ಉಳಿಯಬಹುದು. ಅವಳು ತಲೆಯಾಡಿಸಿ ಹೊರಗೆ ಬಂದಳು.

ಬಾಗಿಲ ಹೊರಗೆ ನಾದಿನಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಆ ಡ್ರೈವರಿಗೆ ಎಷ್ಟು ಮಕ್ಕಳು?" ಎಂದಳು.

"ಮೂರು."

ನಾದಿನಿ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು.

ದೂರದಲ್ಲಿ ಗಾಡಿಯ ಸೀಟಿ ಕೇಳಿಸಿತು. ಪಾಯಿಂಟಮ್ಮನ ಎಡಗೈಯಲ್ಲಿ ಹಸಿರು ಬಾವುಟ, ಬಲಗೈಯಲ್ಲಿ ಕೆಂಪು, ಎರಡೂ ಸುತ್ತಿಕೊಂಡೇ ಇದ್ದವು. ದಿನಾ ನಿಲ್ಲುವ ಜಾಗ ಪ್ಲಾಟ್‌ಫಾರಮ್ಮಿನ ಕಡಲಿನ ಕಡೆಯ ತುದಿ. ಅಲ್ಲಿಗೆ ಹೊರಟವಳು ಹೋಗಲಿಲ್ಲ. ಹಿಂದಕ್ಕೆ ತಿರುಗಿ, ಪ್ಲಾಟ್‌ಫಾರಂ ಶುರುವಾಗುವ ಕಡೆಗೆ ಕುಂಟುತ್ತ ನಡೆದಳು, ಇಳಿಜಾರಿನಲ್ಲಿ ಇಳಿದಳು, ಹಳಿಗಳ ನಡುವೆ ನಿಂತು ಕೆಂಪು ಬಾವುಟ ಬಿಚ್ಚಿದಳು. ಹಿಂದಿನಿಂದ ಮಾಸ್ತರು ಕೂಗುತ್ತಿದ್ದರು. "ಪಾಯಿಂಟಮ್ಮಾ! ತಲೆ ಕೆಟ್ಟಿದೆಯೇನ್ರೀ? ಕೆಲಸ ಹೋಗುತ್ತೆ ನಿಮ್ಮದು!"

ಅದು ಅವಳಿಗೂ ಗೊತ್ತಿತ್ತು. ಬಾವುಟವನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದಳು.

ಎಂಜಿನ್ ಅವಳಿಂದ ಹತ್ತು ಮಾರು ದೂರದಲ್ಲಿ ನಿಂತಿತು. ಬ್ರೇಕಿನ ಕಿರುಚು ನಿಂತ ಮೇಲೆ ಬೋಗಿಗಳಿಂದ ತಲೆಗಳು ಹೊರಬಂದವು, ಬೈಗುಳ ಶುರುವಾಯಿತು. ಡ್ರೈವರು ಹಾರಿ ಇಳಿದ.

"ಏನಮ್ಮಾ, ಏಡಿ ಏನಾದ್ರೂ ಅಡ್ಡ ಮಲಗಿದೆಯಾ?"

ಅವಳು ಬಾವುಟ ಇಳಿಸಿ ತುದಿಯ ಕಡೆಗೆ ತೋರಿಸಿದಳು. ಹಿಂದೆಯೇ ಬಂದಿದ್ದ ನಾದಿನಿ ಉಳಿದದ್ದನ್ನು ಹೇಳಿದಳು, ಮೂರೇ ಮಾತಿನಲ್ಲಿ. ಡ್ರೈವರು ಪಾಯಿಂಟಮ್ಮನ ಮುಖ ನೋಡಿದ, ಓಡಿ ಬಂದು ಏದುಸಿರು ಬಿಡುತ್ತಿದ್ದ ಮಾಸ್ತರ ಮುಖ ನೋಡಿದ. ಮತ್ತೆ ಎಂಜಿನ್ನಿನಿಂದ ಒಂದು ಉದ್ದನೆಯ ಹಾರೆ ಇಳಿಸಿಕೊಂಡ.

"ನೋಡೇಬಿಡೋಣ. ಗಟ್ಟಿ ಇದ್ರೆ ಇವತ್ತಿನ ಚಹಾ ನಿಮ್ಮ ಲೆಕ್ಕದಲ್ಲಿ, ಪಾಯಿಂಟಮ್ಮ."

ನಾಲ್ವರೂ ತುದಿಯವರೆಗೆ ನಡೆದರು. ಎಂಜಿನ್ ದಿನಾ ಹೋಗಿ ನಿಲ್ಲುವ ಜಾಗ, ಸ್ಲೀಪರಿನ ಮೇಲೆ ಕಪ್ಪು ಎಣ್ಣೆಯ ಕಲೆ. ಡ್ರೈವರು ಎರಡು ಸ್ಲೀಪರುಗಳ ನಡುವೆ ಜಲ್ಲಿ ಸರಿಸಿ ಹಾರೆಯನ್ನು ಎತ್ತಿ ಹಾಕಿದ. ಗಟ್ಟಿಯಾಗಿತ್ತು. ಮಾಸ್ತರು ದೊಡ್ಡದಾಗಿ ಉಸಿರು ಬಿಟ್ಟರು. ಡ್ರೈವರು ನಕ್ಕು, ಮತ್ತೊಮ್ಮೆ ಅದೇ ಜಾಗಕ್ಕೆ ಹಾಕಿದ. ಮೂರನೆಯ ಏಟಿಗೆ ಹಾರೆ ಗಕ್ಕನೆ ಅರ್ಧಕ್ಕೆ ಇಳಿಯಿತು. ಅವನು ಎಳೆಯಲು ಬಗ್ಗುವಷ್ಟರಲ್ಲಿ ಉಳಿದರ್ಧವೂ ಅವನ ಕೈಯೊಳಗಿನಿಂದ ಜಾರಿ, ನೆಲದೊಳಗೆ ಮಾಯವಾಯಿತು.

ಒಂದು, ಎರಡು ಎಣಿಸುವಷ್ಟು ಹೊತ್ತಾದ ಮೇಲೆ ಕೆಳಗೆ ನೀರಿಗೆ ಬಿದ್ದ ಸದ್ದು ಕೇಳಿಸಿತು. ತೂತಿನಿಂದ ತಣ್ಣನೆಯ ಉಪ್ಪುಗಾಳಿ ಮೇಲೆ ಬಂದು ಡ್ರೈವರನ ಕೂದಲು ಅಲುಗಿಸಿತು.

ಅವನು ಕಾಲು ಎತ್ತಿ ಇಡುತ್ತ, ಮಗು ಮಲಗಿದ ಮನೆಯಲ್ಲಿ ನಡೆಯುವವರಂತೆ, ಹಿಂದಕ್ಕೆ ಬಂದ. ಉಳಿದವರೂ ಹಾಗೆಯೇ ಬಂದರು. ಪ್ಲಾಟ್‌ಫಾರಂ ಸೇರಿದ ಮೇಲೆ ಅವನು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ.

"ಯಾವತ್ತಿನಿಂದ ಹೀಗಿತ್ತು?" ಎಂದು ಕೇಳಿದ. ಅವಳನ್ನು ಕೇಳಿದನೋ, ತನ್ನನ್ನೇ ಕೇಳಿಕೊಂಡನೋ. ಇವತ್ತು ಬೆಳಿಗ್ಗೆಯೂ ನಿಂತಿದ್ದ. ನಿನ್ನೆ ಎರಡು ಸಲ. ಮಳೆ ಹೊಡೆದ ಒಂದು ಶುಕ್ರವಾರ ಅಲ್ಲೇ ನಿಲ್ಲಿಸಿಕೊಂಡು ಬೀಡಿ ಸೇದಿ ಮುಗಿಸಿದ್ದ. ಅವಳು ಕೆಳಗೆ ನಿಂತು ಬೇಗ ಹೊರಡಯ್ಯಾ ಎಂದು ಗದರಿದ್ದಳು.

ಮಾಸ್ತರು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಟೋಪಿ ಕೈಯಲ್ಲಿತ್ತು. ನಿಯಮ ಮೀರಿದರೂ ಸರಿ, ಎಂಜಿನ್ ಹಿಂದಿನಿಂದಲೇ ಗಾಡಿಯನ್ನು ತಳ್ಳಿಕೊಂಡು ವಾಪಸ್ಸು ಹೋಗಬೇಕು, ಸ್ಟೇಷನ್ನಿನಲ್ಲಿ ಯಾರೂ ಉಳಿಯಕೂಡದು, ಕ್ವಾರ್ಟರ್ಸಿನವರೂ ಇದೇ ಗಾಡಿಗೆ ಹೊರಡಬೇಕು ಎಂದು ಅಪ್ಪಣೆಯಾಗಿತ್ತು. ಮುಂದಿನದು ಆಮೇಲೆ ತಿಳಿಸುತ್ತಾರಂತೆ.

"ಆಮೇಲೆ ಅಂದ್ರೆ?" ಪಾಯಿಂಟಮ್ಮ ಕೇಳಿದಳು.

ಅವರು ಅವಳ ಕಣ್ಣು ತಪ್ಪಿಸಿದರು. "ಸಾಮಾನು ತಗೊಳ್ಳಿ. ಕೈಗೆ ಸಿಕ್ಕಿದ್ದಷ್ಟೇ."

ಕ್ವಾರ್ಟರ್ಸಿಗೆ ನಾದಿನಿ ಒಬ್ಬಳೇ ಓಡಿ ಹೋಗಿ ಬಂದಳು. ಒಂದು ಟ್ರಂಕು, ಹೊಲಿಗೆ ಬಿಚ್ಚಿದ ರವಿಕೆಗಳ ಗಂಟು. "ಒಳಗೆ ನೆಲ ತಣ್ಣಗಿದೆ ಅತ್ತಿಗೆ, ಆ ತೂತಿನ ಗಾಳಿ ಹಾಗೇ," ಎಂದಳಷ್ಟೇ. ಇಬ್ಬರೂ ಎಂಜಿನ್ನಿಗೆ ಹತ್ತಿರದ ಬೋಗಿಯಲ್ಲಿ ಕೂತರು. ಎದುರಿನ ಸೀಟಿನಲ್ಲಿ ಮಾಸ್ತರು, ಮಡಿಲಲ್ಲಿ ನೀಲಿ ಪುಸ್ತಕ. ಇಳಿಯಬೇಕಿದ್ದವರು ಬೈಯುತ್ತ ಇಳಿದು ಹೋಗಿದ್ದರು, ಹತ್ತಬೇಕಾದವರಿಗೆ ಏನೂ ತಿಳಿದಿರಲಿಲ್ಲ. ಒಬ್ಬಾಕೆ ಪಾಯಿಂಟಮ್ಮನನ್ನು, "ಇವತ್ತು ರಜೆಯಾ?" ಎಂದು ಕೇಳಿದಳು. "ಹೂಂ," ಎಂದಳು ಪಾಯಿಂಟಮ್ಮ.

ಗಾಡಿ ತಡವರಿಸುತ್ತ ಹಿಂದಕ್ಕೆ ಸರಿಯಿತು. ಅವಳು ಕಿಟಕಿಯ ಹೊರಗೆ ನೋಡಲಿಲ್ಲ. ಕಾಲೆರಡನ್ನೂ ಸೀಟಿನ ಮೇಲೆ ಎತ್ತಿಟ್ಟುಕೊಂಡು, ಕೆಳಗಿನ ಚಕ್ರದ ಸದ್ದಿಗೆ ಕಿವಿ ಕೊಟ್ಟಿದ್ದಳು. ಸಿಗ್ನಲ್ಲು ಹೋಯಿತು, ಮೋರಿ ಹೋಯಿತು, ಕಡಲಿನ ವಾಸನೆ ಹೋಯಿತು. ಬೋಗಿಯಲ್ಲಿ ದೀಪ ಹತ್ತಿತು.

"ಕಾಲು ಬಿಡು ಅತ್ತಿಗೆ, ಗಟ್ಟಿ ನೆಲಕ್ಕೆ ಬಂದ್ವಿ," ಎಂದಳು ನಾದಿನಿ.

"ಇರು," ಎಂದಳು ಪಾಯಿಂಟಮ್ಮ, "ಇನ್ನೊಂದು ಸ್ವಲ್ಪ ದೂರ ಹೋಗಲಿ."